ಜಿಲ್ಲಾ ಕ್ರೀಡಾ ಸಂಸ್ಥೆಯ ಲೆಕ್ಕ ಕೇಳುವುದು ಹೇಗೆ: ಬಳ್ಳಾರಿ ಕಡೆಯ ಪಾಲಕರಿಗೆ, ಆಟಗಾರರಿಗೆ

ಟೀಮ್ ಲಿಸ್ಟ್ ಹೊರಗೆ ಬಂದ ಮೇಲೆ ಮೈದಾನದಲ್ಲಿ ನಿಂತು ಜಗಳ ಮಾಡಿದರೆ ಏನೂ ಆಗುವುದಿಲ್ಲ. ಸಿರುಗುಪ್ಪದಿಂದಲೋ ಸಂಡೂರಿನಿಂದಲೋ ಬೆಳಗಿನ ಮೊದಲ ಬಸ್ಸಿಗೆ ಮಗನನ್ನು ಕರೆದುಕೊಂಡು ಬಳ್ಳಾರಿಗೆ ಬಂದ ಅಪ್ಪ, ಸಂಜೆ ಸೆಲೆಕ್ಷನ್ ಮುಗಿದ ಮೇಲೆ ಕಾರ್ಯದರ್ಶಿ ಹತ್ತಿರ ಹೋಗಿ ಕೇಳುತ್ತಾರೆ, "ಸರ, ನಮ್ಮ ಹುಡುಗಂದು ಹೆಸರು ಯಾಕ್ರೀ ಬರ್ಲಿಲ್ಲ?" ಅವರು ಹೇಳುತ್ತಾರೆ, "ಇನ್ನಾ ಸಣ್ಣವ ಅದಾನ್ರೀ, ಮುಂದಿನ ವರ್ಷ ನೋಡೋಣ್ರಿ." ಅಲ್ಲಿಗೆ ಮುಗೀತು. ಕೇಳಿದ್ದೂ ಬಾಯಲ್ಲಿ, ಹೇಳಿದ್ದೂ ಬಾಯಲ್ಲಿ. ನಾಳೆ ಯಾರ ಮುಂದೆ ಹೋಗಿ ನಿಂತರೂ ತೋರಿಸಲು ಏನೂ ಇಲ್ಲ.

ಹಾಗಾಗಿ ಈ ಬರಹದಲ್ಲಿ ನಾನು ಹೇಳುವುದು ಒಂದೇ ಮಾತು. ಕೇಳುವುದನ್ನೆಲ್ಲ ಕಾಗದದ ಮೇಲೆ ಕೇಳಿ, ಆಯ್ಕೆಗೆ ಮೊದಲೇ ಕೇಳಿ. ದೊಡ್ಡ ದೊಡ್ಡ ಹಗರಣಗಳ ಸುದ್ದಿ ನಾವು ಟಿವಿಯಲ್ಲಿ ನೋಡುತ್ತೇವೆ, ಆದರೆ ನಮ್ಮ ಮಕ್ಕಳ ಆಟ ನಿಲ್ಲುವುದು ತಾಲ್ಲೂಕು, ಜಿಲ್ಲೆ ಮಟ್ಟದಲ್ಲಿ. ಅಲ್ಲಿ ಏನೇ ತಪ್ಪು ನಡೆದರೂ ಅದಕ್ಕೆ ಒಂದು ಹಾಳೆಯ ದಾಖಲೆಯೂ ಉಳಿಯುವುದಿಲ್ಲ. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಜೇಬಿನಿಂದ ದುಡ್ಡು ಹಾಕಿ ಸುಣ್ಣದ ಪುಡಿ ತರಿಸಿ ಗೆರೆ ಹಾಕಿಸುವ, ಹುಡುಗರಿಗೆ ಊಟ ಹಾಕಿಸುವ ಕಾರ್ಯದರ್ಶಿಗಳು, ಪಿಟಿ ಮೇಷ್ಟ್ರುಗಳು ಬೇಕಾದಷ್ಟು ಜನ ಇದ್ದಾರೆ. ಕಾಗದ ಕೇಳಿದರೆ ಅಂಥವರಿಗೆ ನಷ್ಟ ಏನೂ ಇಲ್ಲ, ಅವರ ಹೆಸರು ಉಳಿಯುತ್ತದೆ ಅಷ್ಟೇ.

ಮೊದಲು ಯಾವ ಬಾಗಿಲು ಅಂತ ತಿಳಿದುಕೊಳ್ಳಿ

ನಮ್ಮಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. "ಸ್ಪೋರ್ಟ್ಸ್‌ನವರು" ಅಂತ ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿಬಿಡುತ್ತೇವೆ. ಆದರೆ ಮೂರು ಬೇರೆ ಬೇರೆ ದಾರಿಗಳಿವೆ. ಶಾಲೆಯ ಕ್ರೀಡಾಕೂಟ, ಅಂದರೆ ವಲಯ, ತಾಲ್ಲೂಕು, ಜಿಲ್ಲೆ ದಾಟಿ ಕಲಬುರಗಿ ವಿಭಾಗ ಮಟ್ಟಕ್ಕೆ ಹೋಗುವುದು, ಶಾಲಾ ಶಿಕ್ಷಣ ಇಲಾಖೆಯದು. ಅಲ್ಲಿಯ ಪ್ರಶ್ನೆ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಇಲ್ಲವೇ ಜಿಲ್ಲೆಯ ಡಿಡಿಪಿಐ (ಶಾಲಾ ಶಿಕ್ಷಣ ಉಪನಿರ್ದೇಶಕರು) ಕಚೇರಿಗೆ ಹೋಗಬೇಕು. ದಸರಾ ಕ್ರೀಡಾಕೂಟ, ಜಿಲ್ಲಾ ಕ್ರೀಡಾಂಗಣ, ಕ್ರೀಡಾ ಹಾಸ್ಟೆಲ್, ಇವು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವು. ಮೂರನೆಯದು ಕಬಡ್ಡಿ, ಅಥ್ಲೆಟಿಕ್ಸ್, ವಾಲಿಬಾಲ್, ಖೋ ಖೋ ಅಂತ ಇರುವ ಜಿಲ್ಲಾ ಅಸೋಸಿಯೇಷನ್‌ಗಳು. ಇವು ಸರ್ಕಾರಿ ಕಚೇರಿಗಳಲ್ಲ, ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ನೋಂದಣಿಯಾದ ಸಂಘಗಳು. ಕ್ರಿಕೆಟ್‌ನಲ್ಲಿ ಬಳ್ಳಾರಿ, ಕೊಪ್ಪಳದ ಹುಡುಗರು ರಾಜ್ಯ ಸಂಸ್ಥೆಯ ರಾಯಚೂರು ವಲಯದ ಮೂಲಕ ಮೇಲೆ ಹೋಗಬೇಕು, ಅದು ಇನ್ನೊಂದು ಲೆಕ್ಕ.

ಗೊಂದಲ ಯಾಕೆ ಆಗುತ್ತದೆ ಅಂದರೆ, ಎಷ್ಟೋ ಸಲ ಒಬ್ಬರೇ ಮೇಷ್ಟ್ರು ಶಾಲೆಯ ಕ್ರೀಡಾಕೂಟವನ್ನೂ ನಡೆಸುತ್ತಾರೆ, ಅಸೋಸಿಯೇಷನ್ನಿನ ಕಾರ್ಯದರ್ಶಿಯೂ ಆಗಿರುತ್ತಾರೆ, ಜತೆಗೆ ಸ್ವಂತ ಕೋಚಿಂಗ್ ಕೂಡ ಇರುತ್ತದೆ. ಆ ದಿನ ಅವರು ಯಾವ ಹುದ್ದೆಯಲ್ಲಿ ಕೂತು ಆಯ್ಕೆ ಮಾಡಿದರು ಅನ್ನುವುದನ್ನು ಮೊದಲು ಬರೆದಿಟ್ಟುಕೊಳ್ಳಿ. ಮುಂದಿನ ದೂರು ಯಾರಿಗೆ ಹೋಗಬೇಕು ಅನ್ನುವುದು ಅದರ ಮೇಲೆಯೇ ನಿಂತಿದೆ.

ಇನ್ನು ಜಿಲ್ಲೆಯ ಗಡಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಹಡಗಲಿ ಕಡೆಯ ಮಕ್ಕಳು ಈಗ ಬಳ್ಳಾರಿ ಜಿಲ್ಲೆಯವರಲ್ಲ. ಪೈಪೋಟಿ ಕಡಿಮೆ ಇರುವ ಜಿಲ್ಲೆಗೆ ವಿಳಾಸ ಬದಲಾಯಿಸಿ ಆಡಿಸುವ ಚಾಳಿ ಎಲ್ಲ ಕಡೆ ಇದೆ. ಯಾವ ಜಿಲ್ಲೆಯಿಂದ ಆಡಬಹುದು, ಅದಕ್ಕೆ ಶಾಲೆಯ ವಿಳಾಸ ಬೇಕೋ ಮನೆಯ ವಿಳಾಸ ಬೇಕೋ ಅನ್ನುವ ನಿಯಮವನ್ನು ಸೆಲೆಕ್ಷನ್‌ಗೆ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ.

ಸೆಲೆಕ್ಷನ್ ದಿನಕ್ಕೆ ಮುಂಚೆ

ಸೆಲೆಕ್ಷನ್ ಇದೆ ಅಂತ ವಾಟ್ಸಾಪ್‌ನಲ್ಲಿ ಒಂದು ಸಾಲು ಬಂದರೆ ಸಾಲದು. ದಿನಾಂಕ, ಜಾಗ, ವಯಸ್ಸಿನ ಮಿತಿ, ಬೇಕಾದ ದಾಖಲೆ, ಪ್ರವೇಶ ಶುಲ್ಕ, ಆಯ್ಕೆ ಸಮಿತಿಯವರ ಹೆಸರು ಇರುವ ಲೆಟರ್‌ಹೆಡ್ ನೋಟಿಸ್ ಕೇಳಿ. ಎಷ್ಟೋ ಮೋಸ ನಡೆಯುವುದು ನೋಟಿಸ್‌ನಲ್ಲೇ. ಹಿಂದಿನ ದಿನ ರಾತ್ರಿ ಮೆಸೇಜ್ ಹಾಕುತ್ತಾರೆ. ಊರಲ್ಲಿ ಇರುವ, ತಮಗೆ ಬೇಕಾದ ಹುಡುಗರು ಮಾತ್ರ ಬರುತ್ತಾರೆ. ಕುರುಗೋಡಿನ ಹುಡುಗನಿಗೆ, ಸಂಡೂರಿನ ಹುಡುಗಿಗೆ ವಿಷಯ ಗೊತ್ತಾಗುವ ಹೊತ್ತಿಗೆ ತಂಡವೇ ಹೊರಟಿರುತ್ತದೆ. ಅದಕ್ಕೇ ವರ್ಷದ ಶುರುವಿನಲ್ಲೇ ಕಾರ್ಯದರ್ಶಿಗೆ ಒಂದು ಪತ್ರ ಕೊಡಿ: ಈ ವರ್ಷದ ಆಯ್ಕೆಗಳ ವೇಳಾಪಟ್ಟಿ ಕೊಡಿ, ನಮ್ಮ ತಾಲ್ಲೂಕಿಗೆ ಇಷ್ಟು ದಿನ ಮೊದಲು ತಿಳಿಸಿ ಅಂತ. ಕೊಟ್ಟ ಪತ್ರದ ಇನ್ನೊಂದು ಪ್ರತಿಗೆ ದಿನಾಂಕ ಹಾಕಿಸಿ ಸಹಿ ತೆಗೆದುಕೊಳ್ಳಿ. ಸಹಿ ಮಾಡಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ. ಅಂಚೆ ಕಚೇರಿಯ ರಸೀದಿಯೇ ನಿಮ್ಮ ಸಾಕ್ಷಿ.

ಓಟ, ಜಿಗಿತ, ಎಸೆತದಲ್ಲಿ ಮೋಸ ಮಾಡುವುದು ಸ್ವಲ್ಪ ಕಷ್ಟ, ಯಾಕೆಂದರೆ ಅಲ್ಲಿ ಟೇಪು, ಸ್ಟಾಪ್‌ವಾಚ್ ಇರುತ್ತವೆ. ಹಾಗಿದ್ದೂ ಫಲಿತಾಂಶದ ಹಾಳೆ ಅಂಟಿಸುವುದಿಲ್ಲ. ಅಲ್ಲೇ ನಿಂತು ಕೇಳಿ: ಯಾವ ಹೀಟ್, ಯಾವ ಲೇನ್, ಎಷ್ಟು ಸೆಕೆಂಡ್, ಎಷ್ಟು ಮೀಟರ್. ಹಾಳೆಯನ್ನು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಲಾಂಗ್ ಜಂಪ್‌ನಲ್ಲಿ ಟೇಪಿನ ಸೊನ್ನೆ ಎಲ್ಲಿ ಹಿಡಿದಿದ್ದಾರೆ ನೋಡಿ. ಮರಳಿನಲ್ಲಿ ಬಿದ್ದ ಗುರುತುಗಳಲ್ಲಿ ಟೇಕ್‌ಆಫ್ ಗೆರೆಗೆ ಹತ್ತಿರದ ಗುರುತಿನಿಂದ ಅಳೆಯಬೇಕು. ಹಿಂದೆ ಕೈ ಊರಿದ ಗುರುತನ್ನು ಬಿಟ್ಟು ಕಾಲಿನ ಗುರುತಿನಿಂದ ಅಳೆದರೆ ಒಬ್ಬ ಹುಡುಗನಿಗೆ ಅರ್ಧ ಅಡಿ ಪುಕ್ಕಟೆ ಸಿಕ್ಕಿಬಿಡುತ್ತದೆ. ದೂರದಲ್ಲಿ ನಿಂತ ಪಾಲಕರಿಗೆ ಇದು ಕಾಣುವುದೇ ಇಲ್ಲ.

ಕಬಡ್ಡಿ, ಖೋ ಖೋ, ವಾಲಿಬಾಲ್ ಹಾಗಲ್ಲ. ಅಲ್ಲಿ ಕಣ್ಣಂದಾಜಿನ ಆಯ್ಕೆ. ಅದು ತಪ್ಪಲ್ಲ, ಆಟವೇ ಹಾಗಿದೆ. ಆದರೆ ಕಣ್ಣಂದಾಜಿಗೂ ಅಂಕ ಹಾಕಬಹುದು. ರೈಡಿಂಗ್‌ಗೆ ಇಷ್ಟು, ಹಿಡಿತಕ್ಕೆ ಇಷ್ಟು, ಫಿಟ್‌ನೆಸ್‌ಗೆ ಇಷ್ಟು ಅಂತ ಪ್ರತಿಯೊಬ್ಬ ಆಯ್ಕೆಗಾರ ಬೇರೆ ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಲಿ. ಮಕ್ಕಳಿಗೆ ಚೆಸ್ಟ್ ನಂಬರ್ ಕೊಡಲಿ, ಆಯ್ಕೆಗಾರರ ಹಾಳೆಯಲ್ಲಿ ಹೆಸರು, ಊರು, ಅಡ್ಡಹೆಸರು ಬೇಡ. ಯಾಕೆ ಬೇಡ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಡ್ಡಹೆಸರು ನೋಡಿದ ಕೂಡಲೇ ಜಾತಿ ಗೊತ್ತಾಗುವ ಊರುಗಳು ನಮ್ಮವು. ಆಯ್ಕೆ ಸಮಿತಿಯಲ್ಲಿ ಕೂತವರ ಮಕ್ಕಳೋ, ಅವರ ಹತ್ತಿರ ದುಡ್ಡು ಕೊಟ್ಟು ಕಲಿಯುವ ಮಕ್ಕಳೋ ಕಣದಲ್ಲಿ ಇದ್ದರೆ, ಆ ಮಕ್ಕಳ ಸರದಿಯಲ್ಲಿ ಅವರು ಎದ್ದು ಹೊರಗೆ ಕೂರಬೇಕು. ಇದನ್ನೂ ಮೊದಲೇ ಪತ್ರದಲ್ಲಿ ಕೇಳಿ. ಆ ದಿನ ಬಂದು ಕೇಳಿದರೆ ಜಗಳ ಅನ್ನಿಸುತ್ತದೆ, ವಾರದ ಮುಂಚೆ ಕೇಳಿದರೆ ನಿಯಮ ಅನ್ನಿಸುತ್ತದೆ.

ದುಡ್ಡು ಎಲ್ಲಿಗೆ ಹೋಗುತ್ತದೆ

ಪ್ರವೇಶ ಶುಲ್ಕವನ್ನು ಕಾರ್ಯದರ್ಶಿಯ ಸ್ವಂತ ಫೋನ್‌ಪೇ ನಂಬರಿಗೆ ಹಾಕಿ ಅಂದರೆ ಒಪ್ಪಬೇಡಿ. ನೂರು ರೂಪಾಯಿ ತಾನೇ ಅಂತ ಹಾಕಿಬಿಡುತ್ತೇವೆ, ಅಲ್ವಾ? ಮುನ್ನೂರು ಮಕ್ಕಳು ನೂರು ನೂರು ಹಾಕಿದರೆ 30,000 ರೂಪಾಯಿ ಆಯಿತು. ಅದು ಸಂಘದ ಲೆಕ್ಕಕ್ಕೆ ಬರದೇ ಹೋದರೆ ಯಾವ ಆಡಿಟರ್‌ಗೂ ಸಿಗುವುದಿಲ್ಲ. ಸಂಘದ ಹೆಸರಿನ ಬ್ಯಾಂಕ್ ಖಾತೆ ಕೇಳಿ, ಅಚ್ಚು ಹಾಕಿದ ನಂಬರ್ ಇರುವ ರಸೀದಿ ಕೇಳಿ. ಸಂಘದವರೇ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ಖಾತೆಗೆ ಇಬ್ಬರ ಸಹಿ ಇರಲಿ, ಕ್ಯೂಆರ್ ಕೋಡ್ ಸಂಘದ ಹೆಸರಲ್ಲಿ ಮಾಡಿಸಿ, ಟೂರ್ನಿ ಮುಗಿದ ವಾರದಲ್ಲಿ ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಒಂದು ಹಾಳೆಯನ್ನು ಕ್ರೀಡಾಂಗಣದ ಗೋಡೆಗೆ ಅಂಟಿಸಿ. ಅರ್ಧ ಗುಸುಗುಸು ಅಲ್ಲಿಗೇ ನಿಲ್ಲುತ್ತದೆ.

ಮಕ್ಕಳ ಸಹಿಯ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ತಂಡ ಹೊರಡುವಾಗ ಬಸ್‌ಸ್ಟ್ಯಾಂಡಿನಲ್ಲೇ ಒಂದು ಪಟ್ಟಿ ಕೈಗೆ ಕೊಟ್ಟು "ಇಲ್ಲಿ ಸಹಿ ಹಾಕ್ರಲೇ, ಬಸ್ ಹೊಂಟದ" ಅನ್ನುತ್ತಾರೆ. ಹೆಸರು ಇರುತ್ತದೆ, ಮೊತ್ತದ ಜಾಗ ಖಾಲಿ ಇರುತ್ತದೆ, ಇಲ್ಲವೇ ಪೆನ್ಸಿಲ್‌ನಲ್ಲಿ ಬರೆದಿರುತ್ತದೆ. ಹುಡುಗರು ಖುಷಿಯಲ್ಲಿ ಇರುತ್ತಾರೆ, ಗೀಚಿಬಿಡುತ್ತಾರೆ. ಆಮೇಲೆ ಆ ಖಾಲಿ ಜಾಗದಲ್ಲಿ ಊಟದ ಭತ್ಯೆ, ಪ್ರಯಾಣದ ಭತ್ಯೆ ಅಂತ ಏನು ಬೇಕಾದರೂ ತುಂಬಬಹುದು. ಮಗುವಿಗೆ ಕಲಿಸಿ: ಪೆನ್ನಿನಲ್ಲಿ ಮೊತ್ತ ಬರೆದಿದ್ದರೆ, ಅಷ್ಟೇ ದುಡ್ಡು ಕೈಗೆ ಬಂದಿದ್ದರೆ ಮಾತ್ರ ಸಹಿ. ಸಹಿ ಹಾಕುವ ಮುಂಚೆ ಒಂದು ಫೋಟೋ. ಹದಿನಾಲ್ಕು ವರ್ಷದ ಮಗುವಿಗೆ ಮೇಷ್ಟ್ರ ಎದುರು ಹೀಗೆ ಹೇಳುವುದು ಕಷ್ಟ, ಗೊತ್ತು. ಆದ್ದರಿಂದ ಪಾಲಕರೇ ಒಂದು ಚೀಟಿ ಬರೆದು ಕೊಡಿ, ಖಾಲಿ ಪಟ್ಟಿಗೆ ನಮ್ಮ ಮಗ ಸಹಿ ಮಾಡುವುದಿಲ್ಲ ಅಂತ.

ಬಳ್ಳಾರಿ, ತೋರಣಗಲ್ಲು, ಕೊಪ್ಪಳದ ಗಿಣಿಗೇರಾ ಕಡೆ ಗಣಿ, ಉಕ್ಕಿನ ಕಂಪನಿಗಳು ಜಾಸ್ತಿ. ಅವುಗಳ ಸಿಎಸ್‌ಆರ್ ದುಡ್ಡು, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ದುಡ್ಡು, ಕ್ರೀಡೆಗೂ ಬರುತ್ತದೆ. ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿಗೆ ಖರ್ಚು ಮಾಡಬಹುದು ಅಂತ ಕಂಪನಿ ಕಾಯ್ದೆಯ ಏಳನೇ ಪರಿಶಿಷ್ಟದಲ್ಲೇ ಇದೆ. ಕಂಪನಿಯ ಸಿಎಸ್‌ಆರ್ ಕೆಲಸವನ್ನು ಒಂದು ಸಂಘ ಮಾಡಿಸಬೇಕಾದರೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನುವ ನಮೂನೆಯಲ್ಲಿ ಹೆಸರು ನೋಂದಾಯಿಸಿರಬೇಕು. ಯಾವ ಕಂಪನಿ ಯಾವ ಕೆಲಸಕ್ಕೆ ಎಷ್ಟು ಕೊಟ್ಟಿತು ಅನ್ನುವುದು ಆ ಕಂಪನಿಯ ವಾರ್ಷಿಕ ವರದಿಯ ಸಿಎಸ್‌ಆರ್ ಭಾಗದಲ್ಲಿ ಇರುತ್ತದೆ, ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕಂಪನಿಯ ಪಟ್ಟಿಯಲ್ಲಿ ಮ್ಯಾಟ್, ಶೂ, ಟ್ರ್ಯಾಕ್‌ಸೂಟ್‌ಗೆ ಹಣ ಹೋಗಿದೆ, ನಮ್ಮ ಮಕ್ಕಳು ಮಣ್ಣಲ್ಲಿ ಹರಿದ ಶೂ ಹಾಕಿಕೊಂಡು ಆಡುತ್ತಿದ್ದಾರೆ ಅಂದರೆ ಕೇಳಬೇಕಾದ ಪ್ರಶ್ನೆ ಕೈಯಲ್ಲೇ ಇದೆ.

ವಯಸ್ಸು ಕಡಿಮೆ ಮಾಡಿಸುವುದು

ಇಲ್ಲಿ ಪಾಲಕರಾದ ನಾವೂ ಪಾಲುದಾರರು. "ಎರಡು ವರ್ಷ ಕಮ್ಮಿ ಮಾಡ್ಸಿ, ಅಂಡರ್ 14 ಆಡಿಸೋಣ" ಅಂತ ಕೋಚ್ ಹೇಳಿದಾಗ ತಲೆ ಆಡಿಸುವವರು ನಾವೇ. ಬೇಡ. ಒಂದನೇ ಕ್ಲಾಸಿಗೆ ಸೇರಿಸುವಾಗ ಬರೆಸಿದ ಹುಟ್ಟಿದ ದಿನಾಂಕ ಶಾಲೆಯ ಎಸ್‌ಎಟಿಎಸ್ ಅನ್ನುವ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ ಇರುತ್ತದೆ, ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಬರುತ್ತದೆ. ಎರಡು ದಿನಾಂಕ ಇರುವ ಹುಡುಗ ಪಾಸ್‌ಪೋರ್ಟ್ ಮಾಡಿಸುವಾಗ, ಪೊಲೀಸ್ ನೌಕರಿಗೆ ಅರ್ಜಿ ಹಾಕುವಾಗ ಸಿಕ್ಕಿಬೀಳುತ್ತಾನೆ. ಆಗ ಕೋಚ್ ಜತೆಗೆ ಬರುವುದಿಲ್ಲ. ನಕಲಿ ದಾಖಲೆ ಮಾಡುವುದು, ಗೊತ್ತಿದ್ದೂ ಅದನ್ನು ಅಸಲಿ ಅಂತ ಕೊಡುವುದು ಹಳೆಯ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 336 ಮತ್ತು 340ನೇ ಕಲಂ ಪ್ರಕಾರ ಅಪರಾಧ. ಕ್ರಿಕೆಟ್‌ನಲ್ಲಿ 2020ರಲ್ಲಿ ಬಿಸಿಸಿಐ ಒಂದು ಅವಕಾಶ ಕೊಟ್ಟಿತ್ತು: ತಾವಾಗಿ ಒಪ್ಪಿಕೊಂಡು ನಿಜ ವಯಸ್ಸು ಹೇಳಿದವರಿಗೆ ನಿಷೇಧ ಇಲ್ಲ, ಸಿಕ್ಕಿಬಿದ್ದವರಿಗೆ ಎರಡು ವರ್ಷ ನಿಷೇಧ.

ಬೇರೆ ತಂಡದ ಮೇಲೆ ಅನುಮಾನ ಇದ್ದರೆ ಏನು ನೋಡಬೇಕು? ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ದಿನಾಂಕದ ಜತೆ ನೋಂದಣಿ ದಿನಾಂಕ ಅಂತ ಇನ್ನೊಂದು ಇರುತ್ತದೆ. ಎಲ್ಲರೂ ಮೊದಲನೆಯದನ್ನು ಮಾತ್ರ ನೋಡುತ್ತಾರೆ. ಎರಡನೆಯದನ್ನು ನೋಡಬೇಕು. ಹುಡುಗ ಹುಟ್ಟಿ ಹತ್ತು ಹನ್ನೆರಡು ವರ್ಷ ಆದ ಮೇಲೆ, ಸರಿಯಾಗಿ ಟೂರ್ನಿಯ ವರ್ಷದಲ್ಲೇ ನೋಂದಣಿ ಆಗಿದೆ ಅಂದರೆ ಪ್ರಶ್ನೆ ಕೇಳಬಹುದು. ಒಂದು ವರ್ಷ ದಾಟಿದ ಜನನವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಆ ಆದೇಶ ಇದೆಯಾ ಅಂತ ಸಂಘಟಕರು ನೋಡಲಿ. ಆದರೆ ಹಳ್ಳಿಯಲ್ಲಿ ಮನೆಯಲ್ಲೇ ಹೆರಿಗೆಯಾಗಿ ತಡವಾಗಿ ನೋಂದಣಿ ಮಾಡಿಸಿದ ಪ್ರಾಮಾಣಿಕರೂ ಇದ್ದಾರೆ. ತಡ ನೋಂದಣಿ ಅಂದ ಮಾತ್ರಕ್ಕೆ ಮೋಸ ಅಲ್ಲ, ಶಾಲೆಯ ದಾಖಲೆ ಜತೆ ತಾಳೆ ನೋಡಬೇಕು ಅಷ್ಟೇ. ದೊಡ್ಡ ಮಟ್ಟದಲ್ಲಿ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ಅಂದಾಜು ಮಾಡುತ್ತಾರೆ, ಟಿಡಬ್ಲ್ಯೂ3 ಅನ್ನುತ್ತಾರೆ. ಅದೂ ಅಂದಾಜೇ.

ಮೀಸೆ ಬಂದಿದೆ, ಎತ್ತರ ಇದ್ದಾನೆ ಅಂತ ಮೈದಾನದಲ್ಲಿ ಯಾವ ಮಗುವನ್ನೂ ಎಲ್ಲರ ಮುಂದೆ ಹೀಯಾಳಿಸಬೇಡಿ. ದೂರು ಕೊಡುವುದಿದ್ದರೆ ಸಂಘಟಕರಿಗೆ ಬರಹದಲ್ಲಿ ಕೊಡಿ. ದಾಖಲೆ ತಿದ್ದಿಸಿದ್ದು ದೊಡ್ಡವರು, ಮಗು ಅಲ್ಲ.

ಸರ್ಟಿಫಿಕೇಟ್ ಮಾರುವವರು

"ನ್ಯಾಷನಲ್ಸ್ ಆಡಿಸ್ತೀವಿ, ನೇಪಾಳಕ್ಕೆ ಇಂಟರ್‌ನ್ಯಾಷನಲ್‌ಗೆ ಕರ್ಕೊಂಡು ಹೋಗ್ತೀವಿ, ಇಷ್ಟು ಸಾವಿರ ಕಟ್ಟಿ" ಅಂತ ಬರುವವರ ಬಗ್ಗೆ ಬಹಳ ಎಚ್ಚರ ಇರಲಿ. ಹೆಸರಲ್ಲಿ ಇಂಡಿಯಾ ಇರುತ್ತದೆ, ಫೆಡರೇಷನ್ ಇರುತ್ತದೆ, ಮೆಡಲ್ ಫಳಫಳ ಹೊಳೆಯುತ್ತದೆ. ಆ ಸರ್ಟಿಫಿಕೇಟ್‌ನಿಂದ ಸಿಇಟಿ ಕ್ರೀಡಾ ಕೋಟಾವೂ ಸಿಗುವುದಿಲ್ಲ, ನೌಕರಿಯೂ ಸಿಗುವುದಿಲ್ಲ. ಸಾಲ ಮಾಡಿ ದುಡ್ಡು ಕಟ್ಟಿದ ಕೂಲಿ ಮಾಡುವ ಕುಟುಂಬಕ್ಕೆ ಇದು ಗೊತ್ತಾಗುವುದು ವರ್ಷಗಳ ನಂತರ. ದುಡ್ಡು ಕಟ್ಟುವ ಮೊದಲು ಕೇಂದ್ರ ಯುವಜನ ಮತ್ತು ಕ್ರೀಡಾ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಮಾನ್ಯತೆ ಪಡೆದ ರಾಷ್ಟ್ರೀಯ ಫೆಡರೇಷನ್‌ಗಳ ಪಟ್ಟಿ ನೋಡಿ, ಆಮೇಲೆ ಆ ಫೆಡರೇಷನ್ನಿನ ಕರ್ನಾಟಕ ಘಟಕ ಯಾವುದು ನೋಡಿ, ಆಮೇಲೆ ನಿಮ್ಮ ಜಿಲ್ಲೆಯವರು ಆ ಘಟಕಕ್ಕೆ ಸೇರಿದವರಾ ಅಂತ ಕೇಳಿ. ಕೊಂಡಿ ಎಲ್ಲಿ ತಪ್ಪಿದರೂ ದುಡ್ಡು ಕಟ್ಟಬೇಡಿ. ಕೇಂದ್ರ ಸರ್ಕಾರದ ನೌಕರಿಯ ಕ್ರೀಡಾ ಕೋಟಾಕ್ಕೆ ನಮೂನೆ 1ರಿಂದ 4 ಅಂತ ಇವೆ. ಅಂತರರಾಷ್ಟ್ರೀಯಕ್ಕೆ ರಾಷ್ಟ್ರೀಯ ಫೆಡರೇಷನ್, ರಾಷ್ಟ್ರೀಯಕ್ಕೆ ರಾಜ್ಯ ಸಂಸ್ಥೆ, ಹೀಗೆ ಯಾರ ಸಹಿ ಬೇಕು ಅಂತ ಗೊತ್ತುಮಾಡಿದ್ದಾರೆ. ಜಿಲ್ಲಾ ಸಂಘದ ಸಹಿಗೆ ಅಲ್ಲಿ ಬೆಲೆ ಇಲ್ಲ.

ಮಾಹಿತಿ ಹಕ್ಕಿನ ಅರ್ಜಿ

ಇಷ್ಟೆಲ್ಲ ಕೇಳಿಯೂ ಯಾರೂ ಬಾಯಿ ಬಿಡಲಿಲ್ಲ ಅಂದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು ಅನ್ನುವ ನಿಯಮ ಇದೆ, ಇದನ್ನೇ ಹಿಡಿದು ಅರ್ಜಿ ತಿರಸ್ಕರಿಸುವವರು ಇದ್ದಾರೆ. ಆದ್ದರಿಂದ ಆಯ್ಕೆಗೆ ಒಂದು ಅರ್ಜಿ, ಖರ್ಚಿಗೆ ಇನ್ನೊಂದು ಅರ್ಜಿ. ಯಾಕೆ ಬೇಕು ಅಂತ ಕಾರಣ ಹೇಳಬೇಕಾಗಿಲ್ಲ. ಕೇಳಿದರೂ ಹೇಳಬೇಡಿ.

ಹೀಗೆ ಬರೆಯಬಹುದು: "ದಿನಾಂಕ ಇಂಥದ್ದರಂದು ನಡೆದ ಜಿಲ್ಲಾ ಮಟ್ಟದ 17 ವರ್ಷದೊಳಗಿನ ಬಾಲಕರ ಕಬಡ್ಡಿ ಆಯ್ಕೆಗೆ ಸಂಬಂಧಿಸಿದಂತೆ, ಆಯ್ಕೆ ಸಮಿತಿ ರಚಿಸಿದ ಆದೇಶ, ಸಮಿತಿಯ ನಡಾವಳಿ, ಅಂಕಗಳ ಪಟ್ಟಿ ಹಾಗೂ ವಿಭಾಗ ಮಟ್ಟಕ್ಕೆ ಕಳುಹಿಸಿದ ತಂಡದ ಪಟ್ಟಿಯ ದೃಢೀಕೃತ ಪ್ರತಿಗಳನ್ನು ಕೊಡಿ." ಅಷ್ಟೇ. "ಯಾಕೆ ನನ್ನ ಮಗನಿಗೆ ಅನ್ಯಾಯ ಮಾಡಿದಿರಿ" ಅಂತ ಬರೆದರೆ ಅದು ಮಾಹಿತಿಯಲ್ಲ ಅಂತ ವಾಪಸ್ ಕಳಿಸುತ್ತಾರೆ. ಬೇರೆ ಮಕ್ಕಳ ಜನನ ಪ್ರಮಾಣಪತ್ರವನ್ನೂ ಕೇಳಬೇಡಿ, ಖಾಸಗಿ ಮಾಹಿತಿ ಅಂತ ಕೊಡುವುದಿಲ್ಲ. ಕೊಡದೇ ಇರುವುದೇ ಸರಿ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದಲ್ಲಿ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ನಮ್ಮ ಕಡೆಯವರಿಗೆ ಕಲಬುರಗಿಯಲ್ಲೇ ಆಯೋಗದ ಪೀಠ ಇದೆ. ಗಡುವು ದಾಟಿ ಕೊಟ್ಟ ಮಾಹಿತಿಗೆ ಪುಟಕ್ಕೆ ಇಷ್ಟು ಅಂತ ದುಡ್ಡು ಕೇಳುವಂತಿಲ್ಲ, ಅದನ್ನು ನೆನಪಿಡಿ.

"ನಾವು ಖಾಸಗಿ ಸಂಘ, ನಮಗೆ ಆರ್‌ಟಿಐ ಅನ್ವಯಿಸಲ್ಲ" ಅಂತ ಅಸೋಸಿಯೇಷನ್‌ನವರು ಹೇಳಿದರೆ? ಸರ್ಕಾರದಿಂದ ಗಣನೀಯವಾಗಿ ಹಣ ಪಡೆಯುವ ಸಂಸ್ಥೆಗಳೂ ಈ ಕಾಯ್ದೆಯ ಒಳಗೆ ಬರುತ್ತವೆ, ಆದರೆ ಎಷ್ಟು ಪಡೆದರೆ ಗಣನೀಯ ಅನ್ನುವ ವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 2013ರ ತಲಪ್ಪಾಲಂ ಸಹಕಾರಿ ಬ್ಯಾಂಕ್ ತೀರ್ಪು ಅದರ ಬಗ್ಗೆಯೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲೂ, ಮಾನ್ಯತೆ ಪಡೆದ ಕ್ರೀಡಾ ಸಂಸ್ಥೆ ಸರ್ಕಾರದ ಅನುದಾನ ಪಡೆದರೆ ಆ ಹಣದ ಮಟ್ಟಿಗೆ ಮಾಹಿತಿ ಹಕ್ಕಿಗೆ ಒಳಪಡುತ್ತದೆ ಅಂತ ಬರೆದಿದ್ದಾರೆ. ಈ ವಾದ ಮಾಡುತ್ತಾ ಕೂರುವ ಬದಲು ಸುತ್ತು ಹಾಕಿ ಬನ್ನಿ. ದುಡ್ಡು ಕೊಟ್ಟ ಸರ್ಕಾರಿ ಕಚೇರಿಯನ್ನೇ ಕೇಳಿ: ಈ ಸಂಘಕ್ಕೆ ಯಾವ ವರ್ಷ ಎಷ್ಟು ಅನುದಾನ ಕೊಟ್ಟಿರಿ, ಆ ಹಣ ಹೇಗೆ ಖರ್ಚಾಯಿತು ಅಂತ ಅವರು ಕೊಟ್ಟ ವಿನಿಯೋಗ ಪ್ರಮಾಣಪತ್ರದ ಪ್ರತಿ ಕೊಡಿ ಅಂತ. ಸಂಘಗಳ ಜಿಲ್ಲಾ ನೋಂದಣಾಧಿಕಾರಿಯನ್ನೂ ಕೇಳಿ, ನಮ್ಮಲ್ಲಿ ಆ ಕೆಲಸ ಸಹಕಾರ ಇಲಾಖೆಯ ಉಪನಿಬಂಧಕರ ಕಚೇರಿಯಲ್ಲಿ ಆಗುತ್ತದೆ. ಪ್ರತಿ ಸಂಘವೂ ವರ್ಷಕ್ಕೊಮ್ಮೆ ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕವನ್ನು ಅಲ್ಲಿಗೆ ಕೊಡಬೇಕು ಅಂತ ನೋಂದಣಿ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಐದು ವರ್ಷದಿಂದ ಲೆಕ್ಕವೇ ಕೊಟ್ಟಿಲ್ಲ ಅಂತ ಉತ್ತರ ಬಂದರೆ ಅದೂ ಉತ್ತರವೇ, ಅದೇ ದೊಡ್ಡ ಉತ್ತರ.

ಅರ್ಜಿ ಹಾಕಿದರೆ ಮಗುವಿಗೆ ತೊಂದರೆ ಕೊಡುತ್ತಾರೆ ಅನ್ನುವ ಭಯ ಸುಳ್ಳಲ್ಲ. ಆದ್ದರಿಂದ ಆಡುತ್ತಿರುವ ಮಗುವಿನ ಅಪ್ಪ ಅರ್ಜಿ ಹಾಕಬೇಕಾಗಿಲ್ಲ. ಆಟ ಬಿಟ್ಟ ಹಳೆಯ ಆಟಗಾರ, ಬೇರೆ ತಾಲ್ಲೂಕಿನ ಸೋದರಮಾವ, ಯಾರು ಬೇಕಾದರೂ ಹಾಕಬಹುದು. ಸಂಘಕ್ಕೆ ಕೊಡುವ ಪತ್ರಕ್ಕಾದರೆ ಹತ್ತು ಹದಿನೈದು ಪಾಲಕರು ಒಟ್ಟಿಗೆ ಸಹಿ ಹಾಕಿ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಹೆಸರು ಹಾಕಿ ಕಳ್ಳ ಅಂತ ಮಾತ್ರ ಬರೆಯಬೇಡಿ. ಮಾನನಷ್ಟದ ಕೇಸು ಹಾಕಿಸಿಕೊಂಡು ನೀವೇ ಕೋರ್ಟಿಗೆ ಅಲೆಯಬೇಕಾಗುತ್ತದೆ, ಅಸಲು ವಿಷಯ ಅಲ್ಲೇ ಉಳಿಯುತ್ತದೆ.

ನೇರವಾಗಿ ದುಡ್ಡು ಕೇಳಿದರೆ

ಕೇಳಿದವರು ಸರ್ಕಾರಿ ನೌಕರರಾ, ಸಂಘದ ಖಾಸಗಿ ವ್ಯಕ್ತಿಯಾ, ಮೊದಲು ಅದನ್ನು ನೋಡಿ. ಸರ್ಕಾರಿ ನೌಕರ ತನ್ನ ಕೆಲಸಕ್ಕೆ ಲಂಚ ಕೇಳಿದರೆ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ. ಕೊಡುವ ಮುಂಚೆಯೇ ಹೋಗಿ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟೆ ಅನ್ನುವವರು ಏಳು ದಿನದ ಒಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆ. ಈ ಏಳು ದಿನದ ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಆರು ತಿಂಗಳು ಕಾದು, ಮಗ ಸೆಲೆಕ್ಟ್ ಆಗಲಿಲ್ಲ ಅಂತ ಆಮೇಲೆ ದೂರು ಕೊಡಲು ಹೋದರೆ ನೀವೇ ಸಿಕ್ಕಿಹಾಕಿಕೊಳ್ಳುತ್ತೀರಿ.

ಖಾಸಗಿ ವ್ಯಕ್ತಿ "ಇಷ್ಟು ಕೊಡಿ, ಸ್ಟೇಟ್ ಟೀಮಿಗೆ ಹಾಕಿಸ್ತೀನಿ" ಅಂತ ದುಡ್ಡು ತೆಗೆದುಕೊಂಡು ಕೈ ಎತ್ತಿದರೆ ಅದು ವಂಚನೆ, ನ್ಯಾಯ ಸಂಹಿತೆಯ 318ನೇ ಕಲಂ ಕೆಳಗೆ ಸ್ಥಳೀಯ ಠಾಣೆಯಲ್ಲಿ ದೂರು ಕೊಡಬೇಕು. ಮೆಸೇಜ್, ದುಡ್ಡು ಹಾಕಿದ ಸ್ಕ್ರೀನ್‌ಶಾಟ್, ಫೋನ್ ರೆಕಾರ್ಡಿಂಗ್ ಯಾವುದನ್ನೂ ಅಳಿಸಬೇಡಿ.

ಸಾಕ್ಷಿ, ಕಲಂ ಅಂತ ಇಷ್ಟು ಹೇಳುವುದಕ್ಕೆ ಕಾರಣ ಇದೆ. 2019ರ ಕರ್ನಾಟಕ ಪ್ರೀಮಿಯರ್ ಲೀಗ್ ಫೈನಲ್‌ಗೆ ನಮ್ಮ ಊರಿನ ಹೆಸರು ಹೊತ್ತ ಬಳ್ಳಾರಿ ಟಸ್ಕರ್ಸ್ ಬಂದಿತ್ತು, ಎದುರಾಳಿ ಹುಬ್ಬಳ್ಳಿ ಟೈಗರ್ಸ್. ಕೆಲವು ತಿಂಗಳಲ್ಲೇ, ನವೆಂಬರ್‌ನಲ್ಲಿ, ಫಿಕ್ಸಿಂಗ್ ಆರೋಪದ ಮೇಲೆ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ (ಸಿಸಿಬಿ) ಪೊಲೀಸರು ಟಸ್ಕರ್ಸ್‌ನ ಇಬ್ಬರು ಆಟಗಾರರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಪ್ರಕರಣದ ದೋಷಾರೋಪ ಪಟ್ಟಿಯನ್ನು ರದ್ದುಮಾಡಿತು. ಮ್ಯಾಚ್ ಫಿಕ್ಸಿಂಗ್ ಅಪ್ರಾಮಾಣಿಕತೆ ಇರಬಹುದು, ಅಶಿಸ್ತು ಇರಬಹುದು, ಆದರೆ ಆಗಿನ ಐಪಿಸಿಯ 420ನೇ ಕಲಂನ ವಂಚನೆ ಆಗುವುದಿಲ್ಲ, ಕ್ರಮ ತೆಗೆದುಕೊಳ್ಳುವುದು ಬಿಸಿಸಿಐ ಕೆಲಸ ಅಂತ ಕೋರ್ಟ್ ಹೇಳಿತು. ಟಿಕೆಟ್ ಕೊಂಡ ಪ್ರೇಕ್ಷಕ ತಾನಾಗಿ ಕೊಂಡ, ಅವನನ್ನು ನಂಬಿಸಿ ದುಡ್ಡು ಕಿತ್ತುಕೊಂಡರು ಅನ್ನಲಾಗದು ಅನ್ನುವುದು ಅಲ್ಲಿನ ತರ್ಕ. ನಿಮ್ಮ ವಿಷಯ ಬೇರೆ. ನಿಮಗೆ ಮಾತು ಕೊಟ್ಟು ನಿಮ್ಮ ಕೈಯಿಂದಲೇ ದುಡ್ಡು ತೆಗೆದುಕೊಂಡಿದ್ದಾರೆ. ಆ ಮಾತು, ಆ ದುಡ್ಡು ಎರಡಕ್ಕೂ ದಾಖಲೆ ಇದ್ದರೆ ಕೇಸು ನಿಲ್ಲುತ್ತದೆ.

ಹೆಣ್ಣುಮಕ್ಕಳ ತಂಡ ಹೊರಗೆ ಹೋಗುವಾಗ ಜತೆಗೆ ಮಹಿಳಾ ಮ್ಯಾನೇಜರ್ ಹೋಗುತ್ತಾರಾ, ಎಲ್ಲಿ ಉಳಿಯುತ್ತಾರೆ ಅಂತ ಬರಹದಲ್ಲಿ ಕೇಳದೆ ಕಳಿಸಬೇಡಿ. ಆಯ್ಕೆಯ ಆಸೆ ತೋರಿಸಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಅದು ಸಂಘದ ಒಳಗೆ ಮಾತಾಡಿ ಮುಗಿಸುವ ವಿಷಯ ಅಲ್ಲ. ಹದಿನೆಂಟರ ಒಳಗಿನ ಮಗುವಾದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಇದೆ, ವಿಷಯ ಗೊತ್ತಿದ್ದವರು ಪೊಲೀಸರಿಗೆ ತಿಳಿಸದೇ ಇರುವುದೂ ಅಪರಾಧ. ಮಕ್ಕಳ ಸಹಾಯವಾಣಿ 1098.

ಸಂಘದ ಒಳಗೆ ಹೋಗಿ

ಹೊರಗೆ ನಿಂತು ಎಷ್ಟು ಅಂತ ಅರ್ಜಿ ಹಾಕುವುದು? ಸಾಮಾನ್ಯವಾಗಿ ಜಿಲ್ಲಾ ಸಂಸ್ಥೆಯಲ್ಲಿ ಮತ ಇರುವುದು ಅದಕ್ಕೆ ಸೇರಿದ ಕ್ಲಬ್‌ಗಳಿಗೆ. ಆ ಕ್ಲಬ್‌ಗಳಲ್ಲಿ ಅರ್ಧಕ್ಕರ್ಧ ಹೆಸರಿಗೆ ಮಾತ್ರ ಇದ್ದು, ಒಂದು ತಂಡವನ್ನೂ ಆಡಿಸದೆ ಚುನಾವಣೆ ದಿನ ಮಾತ್ರ ಜೀವ ಬರುವಂಥವು ಆಗಿದ್ದರೆ ಅದೇ ಅಧ್ಯಕ್ಷರು, ಅದೇ ಕಾರ್ಯದರ್ಶಿ ಎಷ್ಟು ವರ್ಷ ಬೇಕಾದರೂ ಕೂರಬಹುದು. ಇದು ಜಿಲ್ಲೆಯ ಕಥೆ ಮಾತ್ರ ಅಲ್ಲ. ದೇಶದ ಕಬಡ್ಡಿ ಫೆಡರೇಷನ್‌ಗೆ 1984ರಿಂದ 2013ರವರೆಗೆ ಒಬ್ಬರೇ ಅಧ್ಯಕ್ಷರಿದ್ದರು, ಆಮೇಲೆ ಅವರ ಪತ್ನಿ ಬಂದರು, ಗಂಡನಿಗೆ ಆಜೀವ ಅಧ್ಯಕ್ಷರ ಪಟ್ಟ. 2018ರಲ್ಲಿ ದೆಹಲಿ ಹೈಕೋರ್ಟ್ ಅದನ್ನೆಲ್ಲ ರದ್ದುಮಾಡಿ ಆಡಳಿತಾಧಿಕಾರಿಯನ್ನು ಕೂರಿಸಿತು. ಆ ಕೇಸು ಹಾಕಿದವರಲ್ಲಿ ಕಬಡ್ಡಿ ಆಡಿದವರೇ ಇದ್ದರು.

ಏಳು ಜನ ಸೇರಿದರೆ ಒಂದು ಸಂಘ ನೋಂದಾಯಿಸಬಹುದು. ಏಳು ಪಾಲಕರು, ಹಳೆಯ ಆಟಗಾರರು ಸೇರಿ ನಿಮ್ಮ ತಾಲ್ಲೂಕಿನಲ್ಲಿ ಒಂದು ಕ್ಲಬ್ ಮಾಡಿ. ನಿಜವಾಗಿ ಮಕ್ಕಳನ್ನು ಆಡಿಸಿ, ಹಾಜರಿ ಪುಸ್ತಕ ಇಡಿ, ಜಮಾ ಖರ್ಚು ಬರೆಯಿರಿ. ಆಮೇಲೆ ಜಿಲ್ಲಾ ಸಂಸ್ಥೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಕೊಡಿ. ಜಿಲ್ಲಾ ಸಂಸ್ಥೆಯ ಬೈಲಾ, ಅಂದರೆ ನಿಯಮಾವಳಿಯ ಪ್ರತಿ ಮೊದಲೇ ನೋಂದಣಾಧಿಕಾರಿ ಕಚೇರಿಯಿಂದ ತೆಗೆದುಕೊಂಡಿರಿ, ಯಾವ ಅರ್ಹತೆ ಇದ್ದರೆ ಸೇರಿಸಿಕೊಳ್ಳಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಅರ್ಹತೆ ಇದ್ದೂ ಬೇಡ ಅಂದರೆ ಕಾರಣ ಬರಹದಲ್ಲಿ ಕೊಡಿ ಅನ್ನಿ. ಒಳಗೆ ಹೋದ ಮೇಲೆ ನಿಮ್ಮ ಮಾತಿಗೆ ತೂಕ ಬೇರೆ. ಸದಸ್ಯರಲ್ಲಿ ಮೂರನೇ ಒಂದು ಭಾಗ ಜನ ಸಹಿ ಹಾಕಿ ಕೇಳಿದರೆ ನೋಂದಣಾಧಿಕಾರಿ 25ನೇ ಕಲಂ ಪ್ರಕಾರ ವಿಚಾರಣೆ ನಡೆಸಲೇಬೇಕು.

ವಾರ್ಷಿಕ ಸಭೆಯ ನೋಟಿಸ್ ಕೈಗೆ ಬಂದ ದಿನವೇ ಆಡಿಟ್ ಆದ ಲೆಕ್ಕದ ಪ್ರತಿ ಕೇಳಿ ಪತ್ರ ಕೊಡಿ. ಸಭೆಗೆ ಖಾಲಿ ಕೈಯಲ್ಲಿ ಹೋಗಬೇಡಿ. ಪ್ರವೇಶ ಶುಲ್ಕ ಅಂತ ವರ್ಷದಲ್ಲಿ ಎಷ್ಟು ಬಂತು ಅನ್ನುವ ಸಾಲನ್ನು ಮೊದಲು ನೋಡಿ, ನಿಮ್ಮ ಕ್ಲಬ್ಬಿನ ಮಕ್ಕಳು ಕಟ್ಟಿದ ರಸೀದಿಗಳನ್ನು ಕೂಡಿಸಿ ಅದರ ಪಕ್ಕ ಇಟ್ಟು ನೋಡಿ. ಸಭೆಯಲ್ಲಿ ನೀವು ಕೇಳಿದ ಪ್ರಶ್ನೆ, ಅವರು ಕೊಟ್ಟ ಉತ್ತರ ಎರಡೂ ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿ ನೋಡಿ, ಆಮೇಲೆ ಹಾಜರಿಗೆ ಸಹಿ ಹಾಕಿ.